ವೆಂಬ್ಲಿ ಕ್ರೀಡಾಂಗಣವನ್ನು ನೋಡಲು ಹೊರಟವರಿಗೆ

ಲಂಡನ್ನಿಗೆ ಹೋಗುವ ಕನ್ನಡಿಗರ ಪಟ್ಟಿಯಲ್ಲಿ ಕ್ರೀಡೆಗೆ ಸಂಬಂಧಿಸಿದ ಜಾಗವೊಂದು ಇದ್ದರೆ ಅದು ಸಾಮಾನ್ಯವಾಗಿ ಲಾರ್ಡ್ಸ್ ಮೈದಾನವೇ ಆಗಿರುತ್ತದೆ. 1996ರ ಜೂನ್ ತಿಂಗಳಲ್ಲಿ ರಾಹುಲ್ ದ್ರಾವಿಡ್ ತಮ್ಮ ಮೊದಲ ಟೆಸ್ಟಿನಲ್ಲೇ 95 ರನ್ ಗಳಿಸಿದ್ದೂ ಅದೇ ಪಂದ್ಯದಲ್ಲಿ ವೆಂಕಟೇಶ್ ಪ್ರಸಾದ್ ಒಂದೇ ಇನಿಂಗ್ಸಿನಲ್ಲಿ ಐದು ವಿಕೆಟ್ ಕಿತ್ತದ್ದೂ ಅಲ್ಲಿಯೇ ಆದ್ದರಿಂದ ಈ ಒಲವು ಸಹಜ. ಆದರೆ ಇಂಗ್ಲೆಂಡಿನ ರಾಷ್ಟ್ರೀಯ ಕ್ರೀಡಾಂಗಣ ಎಂದು ಕರೆಸಿಕೊಳ್ಳುವುದು ನಗರದ ವಾಯವ್ಯ ಭಾಗದಲ್ಲಿರುವ ವೆಂಬ್ಲಿ. ಅದು ಫುಟ್‌ಬಾಲ್ ಪ್ರಿಯರಿಗೆ ಮಾತ್ರ ಸಲ್ಲುವ ಜಾಗ ಎಂದು ಭಾವಿಸಿ ಬಿಟ್ಟುಬಿಡುವವರೇ ಹೆಚ್ಚು. ಭಾರತದಿಂದ ಹೋದವರು ಅದನ್ನು ನೋಡಲೇಬೇಕಾದ ಕಾರಣವೊಂದು ನಮ್ಮದೇ ಚರಿತ್ರೆಯಲ್ಲಿದೆ ಎಂಬುದು ನನ್ನ ದೃಢವಾದ ನಂಬಿಕೆ. ಅದನ್ನು ಮುಂದೆ ವಿವರಿಸುತ್ತೇನೆ. ಅರ್ಧ ದಿನವನ್ನು ಮೀಸಲಿಟ್ಟು, ಒಂದಿಷ್ಟು ಪೂರ್ವಸಿದ್ಧತೆಯೊಂದಿಗೆ ಹೋದರೆ ಈ ಭೇಟಿ ಸಾರ್ಥಕವಾಗುತ್ತದೆ.

ಮೊದಲು ನಿರ್ಧರಿಸಬೇಕಾದ ವಿಷಯವೆಂದರೆ ನೀವು ನೋಡಬಯಸುವುದು ಖಾಲಿ ಕ್ರೀಡಾಂಗಣವನ್ನೋ ತುಂಬಿದ ಕ್ರೀಡಾಂಗಣವನ್ನೋ ಎಂಬುದು. ಗೈಡ್ ಜೊತೆಗೆ ಒಳಗೆಲ್ಲ ಸುತ್ತಾಡುವ ಪ್ರವಾಸಕ್ಕೆ ಒಂದು ಬಗೆಯ ಟಿಕೆಟ್, ಪಂದ್ಯ ನೋಡುವುದಕ್ಕೆ ಇನ್ನೊಂದು ಬಗೆಯದು, ಮತ್ತು ಇವೆರಡೂ ಒಂದೇ ದಿನ ಸಿಗುವುದಿಲ್ಲ. ಪಂದ್ಯವೋ ಸಂಗೀತ ಕಾರ್ಯಕ್ರಮವೋ ಇರುವ ದಿನ ಒಳಾಂಗಣದ ಪ್ರವಾಸ ನಡೆಯುವುದಿಲ್ಲ. ದೊಡ್ಡ ಕಾರ್ಯಕ್ರಮಕ್ಕೆ ವೇದಿಕೆ ಕಟ್ಟುವ ದಿನಗಳಲ್ಲೂ ಅದು ನಿಂತಿರಬಹುದು. ಬೇಸಿಗೆಯಲ್ಲಿ ಇಲ್ಲಿ ಸಾಲು ಸಾಲಾಗಿ ಸಂಗೀತ ಕಾರ್ಯಕ್ರಮಗಳು ನಡೆಯುತ್ತವೆ, ಮತ್ತು ನಮ್ಮ ಮಕ್ಕಳ ಶಾಲೆಗೆ ರಜೆ ಇರುವ ಏಪ್ರಿಲ್, ಮೇ ತಿಂಗಳುಗಳಲ್ಲೇ ಫುಟ್‌ಬಾಲ್ ಋತುವಿನ ಕೊನೆಯ ಫೈನಲ್‌ಗಳೂ ಬರುತ್ತವೆ. ಆದ್ದರಿಂದ ವಿಮಾನದ ಟಿಕೆಟ್ ಆದ ಕೂಡಲೇ ಕ್ರೀಡಾಂಗಣದ ಅಧಿಕೃತ ಜಾಲತಾಣದಲ್ಲಿ ಕಾರ್ಯಕ್ರಮಗಳ ಪಟ್ಟಿಯನ್ನೂ ಪ್ರವಾಸ ನಡೆಯುವ ದಿನಗಳನ್ನೂ ನೋಡಿ, ಆಮೇಲೆ ಲಂಡನ್ನಿನ ಉಳಿದ ಜಾಗಗಳನ್ನು ಹೊಂದಿಸಿಕೊಳ್ಳುವುದು ಜಾಣತನ. ಮೊದಲ ಸಲ ಹೋಗುವವರಿಗೆ, ಅದರಲ್ಲೂ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವವರಿಗೆ, ಒಳಾಂಗಣದ ಪ್ರವಾಸವೇ ಮೇಲು. ಪಂದ್ಯದ ದಿನ ನಿಮಗೆ ಕಾಣುವುದು ನಿಮ್ಮ ಆಸನದಿಂದ ಕಾಣುವಷ್ಟು ಮಾತ್ರ.

ವೆಂಬ್ಲಿಗೆ ಮೂರು ರೈಲು ನಿಲ್ದಾಣಗಳಿವೆ. ಹೋಗುವಾಗ ಯಾವುದರಲ್ಲಿ ಇಳಿಯಬೇಕೆಂಬ ಬಗ್ಗೆ ನನಗೆ ಸಂದೇಹವಿಲ್ಲ: ವೆಂಬ್ಲಿ ಪಾರ್ಕ್. ಸುರಂಗ ರೈಲಿನ ಜುಬಿಲಿ ಮಾರ್ಗ ಮತ್ತು ಮೆಟ್ರೊಪಾಲಿಟನ್ ಮಾರ್ಗ ಎರಡೂ ಅಲ್ಲಿಗೆ ಹೋಗುತ್ತವೆ. ವೆಸ್ಟ್‌ಮಿನ್‌ಸ್ಟರ್, ವಾಟರ್‌ಲೂ, ಬಾಂಡ್ ಸ್ಟ್ರೀಟ್ ಕಡೆಯಿಂದ ಹೊರಡುವವರು ಜುಬಿಲಿ ಮಾರ್ಗದಲ್ಲಿ ನೇರವಾಗಿ ಬರಬಹುದು. ಬೇಕರ್ ಸ್ಟ್ರೀಟ್ ಅಥವಾ ಕಿಂಗ್ಸ್ ಕ್ರಾಸ್ ಬಳಿ ಇರುವವರಿಗೆ ಮೆಟ್ರೊಪಾಲಿಟನ್ ಮಾರ್ಗವೇ ಬೇಗ, ಏಕೆಂದರೆ ಬೇಕರ್ ಸ್ಟ್ರೀಟ್ ಬಿಟ್ಟ ಮೇಲೆ ಆ ರೈಲು ಫಿಂಚ್ಲಿ ರೋಡ್‌ನಲ್ಲಿ ಒಮ್ಮೆ ನಿಂತು ಸೀದಾ ವೆಂಬ್ಲಿ ಪಾರ್ಕಿಗೇ ಬರುತ್ತದೆ. ಪ್ರತ್ಯೇಕ ಟಿಕೆಟ್ ಕೊಳ್ಳಬೇಕಾಗಿಲ್ಲ. ಸ್ಪರ್ಶರಹಿತ ಪಾವತಿಯ ಬ್ಯಾಂಕ್ ಕಾರ್ಡನ್ನು ಹತ್ತುವಾಗಲೂ ಇಳಿಯುವಾಗಲೂ ಗೇಟಿಗೆ ತೋರಿಸಿದರೆ ಸಾಕು, ಆದರೆ ದೊಡ್ಡವರಲ್ಲಿ ಪ್ರತಿಯೊಬ್ಬರ ಬಳಿಯೂ ಬೇರೆ ಬೇರೆ ಕಾರ್ಡ್ ಇರಬೇಕು. ಹನ್ನೊಂದು ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆಯಲ್ಲಿದ್ದರೆ ಸುರಂಗ ರೈಲಿನಲ್ಲಿ ಉಚಿತ. ವಾರದ ಕೆಲಸದ ದಿನಗಳಲ್ಲಿ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆವರೆಗೆ ಮತ್ತು ಸಂಜೆ ನಾಲ್ಕರಿಂದ ಏಳರವರೆಗೆ ದರ ಹೆಚ್ಚಿರುವುದರಿಂದ ನಡುವಿನ ಸಮಯವನ್ನು ಆರಿಸಿಕೊಳ್ಳಿ. ಕಾರಿನಲ್ಲಿ ಹೋಗುವ ಆಲೋಚನೆ ಬೇಡ. ಕಾರ್ಯಕ್ರಮದ ದಿನಗಳಲ್ಲಿ ಸುತ್ತಲಿನ ಬೀದಿಗಳಲ್ಲಿ ವಾಹನ ನಿಲ್ಲಿಸಲು ಅಲ್ಲಿನ ನಿವಾಸಿಗಳಿಗಷ್ಟೇ ಪರವಾನಗಿ ಇರುತ್ತದೆ.

ವೆಂಬ್ಲಿ ಪಾರ್ಕಿನಲ್ಲೇ ಇಳಿಯಿರಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಅಲ್ಲಿಂದ ಕ್ರೀಡಾಂಗಣದವರೆಗೆ ಇರುವ ದಾರಿ. ನಿಲ್ದಾಣದ ಹೊರಗೆ ಬಂದು ಮೆಟ್ಟಿಲ ತಲೆಯಲ್ಲಿ ನಿಂತರೆ, ಕಣ್ಣೆದುರಿಗೆ ನೇರವಾಗಿ ಒಲಿಂಪಿಕ್ ವೇ ಚಾಚಿಕೊಂಡಿರುತ್ತದೆ, ಅದರ ತುದಿಯಲ್ಲಿ ಕ್ರೀಡಾಂಗಣ, ಅದರ ಮೇಲೆ ಆ ಪ್ರಸಿದ್ಧ ಕಮಾನು. ಹತ್ತು ನಿಮಿಷದ ನಡಿಗೆ. ಈ ದಾರಿಯನ್ನು ಹಾಕಿದ್ದು 1948ರ ಒಲಿಂಪಿಕ್ ಕೂಟಕ್ಕಾಗಿ, ಹಾಕಿದವರು ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಇನ್ನೂ ಬ್ರಿಟನ್ನಿನಲ್ಲೇ ಇದ್ದ ಜರ್ಮನ್ ಯುದ್ಧಕೈದಿಗಳು. ದಾರಿಯ ಪಕ್ಕದಲ್ಲಿ ಕಾಣುವ ಹಳೆಯ ಕಾಂಕ್ರೀಟ್ ಕಟ್ಟಡ 1934ರಲ್ಲಿ ಎಂಪೈರ್ ಪೂಲ್ ಎಂಬ ಹೆಸರಿನಲ್ಲಿ ಕಟ್ಟಿದ ಒಳಾಂಗಣ. 1948ರ ಈಜು ಸ್ಪರ್ಧೆಗಳು ನಡೆದದ್ದು ಅದರಲ್ಲಿಯೇ. ಈಗ ಅದು ಸಂಗೀತ ಕಾರ್ಯಕ್ರಮಗಳ ಸಭಾಂಗಣವಾಗಿದೆ. ದಾರಿ ಮುಗಿಯುವಲ್ಲಿ ಬಾಬಿ ಮೂರ್ ಅವರ ಎತ್ತರದ ಕಂಚಿನ ಪ್ರತಿಮೆಯಿದೆ. 1966ರ ವಿಶ್ವಕಪ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯನ್ನು 4-2ರಿಂದ ಸೋಲಿಸಿದ ಇಂಗ್ಲೆಂಡ್ ತಂಡದ ನಾಯಕ ಅವರು. ಪುರುಷರ ಫುಟ್‌ಬಾಲಿನಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದದ್ದು ಈ ಮೈದಾನದಲ್ಲಿ ಮಾತ್ರ ಎಂಬುದನ್ನು ನೆನಪಿಟ್ಟುಕೊಂಡು ಆ ಪ್ರತಿಮೆಯನ್ನು ನೋಡಿದರೆ ಅಲ್ಲಿನ ಜನ ಅದರ ಮುಂದೆ ಏಕೆ ಅಷ್ಟು ಹೊತ್ತು ನಿಲ್ಲುತ್ತಾರೆಂಬುದು ತಿಳಿಯುತ್ತದೆ.

ಒಳಗೆ ಹೋಗುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಈಗ ನೀವು ನೋಡುವ ಕಟ್ಟಡ 2007ರಲ್ಲಿ ತೆರೆದದ್ದು. ಅದಕ್ಕೂ ಮೊದಲು ಅದೇ ಸ್ಥಳದಲ್ಲಿ, ಎರಡು ಬಿಳಿ ಗೋಪುರಗಳಿಂದ ಗುರುತಿಸಲಾಗುತ್ತಿದ್ದ ಹಳೆಯ ಎಂಪೈರ್ ಕ್ರೀಡಾಂಗಣ ಇತ್ತು. ಬ್ರಿಟಿಷ್ ಸಾಮ್ರಾಜ್ಯದ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ಆ ಕ್ರೀಡಾಂಗಣದಲ್ಲಿ 1923ರ ಏಪ್ರಿಲ್ 28ರಂದು ಮೊದಲ ಪಂದ್ಯ ನಡೆಯಿತು. ಬೋಲ್ಟನ್ ವಾಂಡರರ್ಸ್ ಮತ್ತು ವೆಸ್ಟ್ ಹ್ಯಾಮ್ ಯುನೈಟೆಡ್ ಕ್ಲಬ್ಬುಗಳ ನಡುವಿನ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ (ಎಫ್‌ಎ) ನಡೆಸುವ ಎಫ್‌ಎ ಕಪ್ ಸ್ಪರ್ಧೆಯ ಫೈನಲ್ ಅದು. ಅಧಿಕೃತ ಲೆಕ್ಕಕ್ಕೆ ಸಿಕ್ಕವರೇ 126,047 ಜನ, ಗೋಡೆ ಹಾರಿ ಒಳನುಗ್ಗಿದವರು ಬೇರೆ. ಜನ ಮೈದಾನದ ಹುಲ್ಲಿನ ಮೇಲೆಲ್ಲ ತುಂಬಿಕೊಂಡಾಗ ಬಿಲ್ಲಿ ಎಂಬ ಬಿಳಿ ಕುದುರೆಯ ಮೇಲೆ ಬಂದ ಪೊಲೀಸ್ ಪೇದೆ ಜಾರ್ಜ್ ಸ್ಕೋರಿ ಮತ್ತು ಅವರ ಸಂಗಡಿಗರು ತಾಳ್ಮೆಯಿಂದ ಜನರನ್ನು ಅಂಚಿಗೆ ಸರಿಸಿದ ಮೇಲೆಯೇ ಆಟ ಶುರುವಾದದ್ದು. ಮರುವರ್ಷದಿಂದ ಫೈನಲ್‌ಗೆ ಮುಂಗಡ ಟಿಕೆಟ್ ಕಡ್ಡಾಯವಾಯಿತು. ವೆಂಬ್ಲಿ ಸ್ಟೇಡಿಯಂ ಎಂಬ ಹೆಸರಿನ ಇನ್ನೊಂದು ನಿಲ್ದಾಣದ ಬಳಿಯ ಕಾಲ್ಸೇತುವೆಗೆ ಇಂದಿಗೂ ಬಿಳಿ ಕುದುರೆಯ ಹೆಸರೇ ಇದೆ. ಹಳೆಯ ಕ್ರೀಡಾಂಗಣದ ಕೊನೆಯ ಪಂದ್ಯ 2000ದ ಅಕ್ಟೋಬರ್ 7ರಂದು ನಡೆಯಿತು; ಅನಂತರ ಗೋಪುರಗಳ ಸಮೇತ ಎಲ್ಲವನ್ನೂ ಕೆಡವಲಾಯಿತು. ಆ ಗೋಪುರಗಳನ್ನು ಉಳಿಸಿಕೊಳ್ಳಬಹುದಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಒಳಾಂಗಣದ ಪ್ರವಾಸಕ್ಕೆ ಸುಮಾರು ಒಂದೂಕಾಲು ಗಂಟೆ ಹಿಡಿಯುತ್ತದೆ. ಟಿಕೆಟನ್ನು ಮುಂಚಿತವಾಗಿ ಜಾಲತಾಣದಲ್ಲೇ ಕಾಯ್ದಿರಿಸಿ, ಕೊಟ್ಟ ಸಮಯಕ್ಕೆ ಕಾಲು ಗಂಟೆ ಮೊದಲೇ ತಲುಪಿರಿ. ಇಂಗ್ಲೆಂಡ್ ತಂಡದ ಡ್ರೆಸ್ಸಿಂಗ್ ರೂಮ್, ತರಬೇತುದಾರರು ಪತ್ರಕರ್ತರನ್ನು ಎದುರುಗೊಳ್ಳುವ ಕೋಣೆ, ಆಟಗಾರರು ಮೈದಾನಕ್ಕೆ ಬರುವ ಸುರಂಗದಂಥ ಹಾದಿ, ಮೈದಾನದ ಅಂಚು, ಕಪ್ ಪ್ರದಾನ ಮಾಡುವ ರಾಯಲ್ ಬಾಕ್ಸ್ ಇವೆಲ್ಲ ಪ್ರವಾಸದಲ್ಲಿ ಸೇರಿವೆ. 1966ರ ಫೈನಲ್‌ನಲ್ಲಿ ಬಳಸಿದ ಗೋಲ್ ಕಂಬದ ಮೇಲಡ್ಡವನ್ನೂ ಇಲ್ಲಿ ಕಾಪಾಡಿಟ್ಟಿದ್ದಾರೆ. ಹೆಚ್ಚುವರಿ ಅವಧಿಯಲ್ಲಿ ಜೆಫ್ ಹರ್ಸ್ಟ್ ಒದ್ದ ಚೆಂಡು ಅದಕ್ಕೆ ತಾಗಿ ನೆಲಕ್ಕೆ ಬಡಿದು ಹೊರಗೆ ಪುಟಿಯಿತು. ಅದು ಗೆರೆಯನ್ನು ದಾಟಿತ್ತೇ ಇಲ್ಲವೇ ಎಂಬ ವಾದ ಇಂದಿಗೂ ಮುಗಿದಿಲ್ಲ. ರೆಫರಿ ಗೋಲು ಎಂದರು, ಹರ್ಸ್ಟ್ ಮುಂದೆ ಇನ್ನೊಂದನ್ನೂ ಹೊಡೆದು ಮೂರು ಗೋಲುಗಳನ್ನು ಪೂರೈಸಿದರು. ಹುಲ್ಲಿನ ಮೇಲೆ ಕಾಲಿಡಲು ಮಾತ್ರ ಯಾರಿಗೂ ಅವಕಾಶವಿಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಟ್ಟಿರಿ.

ಮೈದಾನದ ಅಂಚಿನಲ್ಲಿ ನಿಂತಾಗ ತಲೆಯೆತ್ತಿ ಚಾವಣಿಯನ್ನು ನೋಡುವುದನ್ನು ಮರೆಯಬಾರದು. ಹಳೆಯ ಕ್ರೀಡಾಂಗಣದಲ್ಲಿ ಚಾವಣಿಗೆ ಆಸರೆಯಾಗಿದ್ದ ಕಂಬಗಳು ಪ್ರೇಕ್ಷಕರ ಕಣ್ಣಿಗೆ ಅಡ್ಡ ಬರುತ್ತಿದ್ದವು. ಹೊಸದರಲ್ಲಿ 90,000 ಆಸನಗಳಿದ್ದರೂ ಒಂದು ಕಂಬವೂ ಅಡ್ಡ ಬರುವುದಿಲ್ಲ. ಕಾರಣ, ಹೊರಗಿನಿಂದ ಬರಿಯ ಅಲಂಕಾರದಂತೆ ಕಾಣುವ ಆ ಕಮಾನು. 133 ಮೀಟರ್ ಎತ್ತರ, 315 ಮೀಟರ್ ಅಗಲದ ಅದು ಉತ್ತರ ಭಾಗದ ಚಾವಣಿಯ ಇಡೀ ಭಾರವನ್ನೂ ದಕ್ಷಿಣ ಭಾಗದ ಭಾರದಲ್ಲಿ ಹೆಚ್ಚಿನ ಪಾಲನ್ನೂ ಉಕ್ಕಿನ ಹಗ್ಗಗಳ ಮೂಲಕ ಎತ್ತಿ ಹಿಡಿದಿದೆ. ಚಾವಣಿಯ ಕೆಲವು ಭಾಗಗಳು ಜರುಗುತ್ತವೆ. ಪಂದ್ಯವಿಲ್ಲದಾಗ ಅವನ್ನು ಹಿಂದಕ್ಕೆ ಸರಿಸಿ ಹುಲ್ಲಿಗೆ ಬಿಸಿಲು, ಗಾಳಿ ಸಿಗುವಂತೆ ಮಾಡುತ್ತಾರೆ, ಪಂದ್ಯವಿದ್ದಾಗ ಎಲ್ಲ ಆಸನಗಳ ಮೇಲೂ ನೆರಳು ಬರುವಂತೆ ಮುಂದಕ್ಕೆ ತರುತ್ತಾರೆ. ಮೈದಾನದ ಮೇಲಿನ ಆಕಾಶ ಮಾತ್ರ ಎಂದೂ ಪೂರ್ತಿ ಮುಚ್ಚುವುದಿಲ್ಲ. ರಾಯಲ್ ಬಾಕ್ಸಿಗೆ ಹತ್ತಲು ಹಳೆಯ ಕ್ರೀಡಾಂಗಣದಲ್ಲಿ 39 ಮೆಟ್ಟಿಲುಗಳಿದ್ದವು, ಈಗ 107 ಇವೆ. ಮಂಡಿನೋವು ಇರುವವರು, ಗಾಲಿಕುರ್ಚಿ ಬಳಸುವವರು ಟಿಕೆಟ್ ಕಾಯ್ದಿರಿಸುವಾಗಲೇ ಲಿಫ್ಟಿನ ಮಾರ್ಗವನ್ನು ಕೇಳಿಕೊಳ್ಳಬೇಕು. ವೆಂಬ್ಲಿ ಪಾರ್ಕ್ ನಿಲ್ದಾಣದಲ್ಲೂ ಲಿಫ್ಟ್ ಇರುವುದರಿಂದ ಅಂಥವರಿಗೂ ಈ ಭೇಟಿ ಕಷ್ಟವೇನಲ್ಲ.

ಆರಂಭದಲ್ಲಿ ಹೇಳಿದ ಕಾರಣಕ್ಕೆ ಈಗ ಬರುತ್ತೇನೆ. 1948ರ ಒಲಿಂಪಿಕ್ ಕೂಟಕ್ಕೆ ಬ್ರಿಟನ್ ಹೊಸ ಕ್ರೀಡಾಂಗಣವನ್ನೇನೂ ಕಟ್ಟಲಿಲ್ಲ. ಯುದ್ಧದಿಂದ ಬಸವಳಿದಿದ್ದ, ಆಹಾರಕ್ಕೂ ಪಡಿತರ ಚೀಟಿ ಇದ್ದ ಆ ದೇಶ, ವೆಂಬ್ಲಿಯಲ್ಲಿ ನಾಯಿಗಳ ಓಟಕ್ಕೆ ಬಳಸುತ್ತಿದ್ದ ಪಥದ ಮೇಲೆ ತಾತ್ಕಾಲಿಕ ಓಟದ ಪಥವನ್ನು ಹಾಕಿ ಕೂಟವನ್ನು ನಡೆಸಿತು. ಭಾರತ ಸ್ವತಂತ್ರ ದೇಶವಾಗಿ ಭಾಗವಹಿಸಿದ ಮೊದಲ ಒಲಿಂಪಿಕ್ ಅದು. 1928, 1932 ಮತ್ತು 1936ರಲ್ಲಿ ನಮ್ಮ ಹಾಕಿ ತಂಡ ಚಿನ್ನ ಗೆದ್ದಿತ್ತು, ಆದರೆ ಆಗ ಹಾರಿದ್ದು ನಮ್ಮ ಬಾವುಟವಲ್ಲ. ಆ ಮೂರು ಕೂಟಗಳಲ್ಲಿ ಬ್ರಿಟನ್ ಹಾಕಿ ತಂಡವನ್ನೇ ಕಳುಹಿಸಿರಲಿಲ್ಲ. ಆದ್ದರಿಂದ 1948ರ ಆಗಸ್ಟ್ 12ರಂದು, ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವಕ್ಕೆ ಮೂರು ದಿನ ಇರುವಾಗ, ಇದೇ ಮೈದಾನದಲ್ಲಿ ಫೈನಲ್‌ಗೆ ಎದುರಾದದ್ದು ನೆನ್ನೆಯವರೆಗೆ ಆಳುತ್ತಿದ್ದವರ ತಂಡ ಮತ್ತು ಆಳಿಸಿಕೊಂಡವರ ತಂಡ. ಕಿಶನ್ ಲಾಲ್ ನಾಯಕತ್ವದ ಭಾರತ 4-0ಯಿಂದ ಗೆದ್ದಿತು. ಬಲಬೀರ್ ಸಿಂಗ್ ಎರಡು ಗೋಲು ಹೊಡೆದರು, ತ್ರಿಲೋಚನ್ ಸಿಂಗ್ ಮತ್ತು ಪ್ಯಾಟ್ರಿಕ್ ಜಾನ್ಸೆನ್ ಒಂದೊಂದು. ಒಲಿಂಪಿಕ್ಸ್‌ನಲ್ಲಿ ಚಿನ್ನಕ್ಕಾಗಿ ತ್ರಿವರ್ಣ ಧ್ವಜ ಮೊದಲ ಬಾರಿಗೆ ಮೇಲೇರಿದ್ದು ವೆಂಬ್ಲಿಯಲ್ಲಿ.

ಪ್ರವಾಸದ ಗೈಡ್ ಇದನ್ನು ತಾವಾಗಿಯೇ ಹೇಳುತ್ತಾರೆಂದು ಕಾಯಬೇಡಿ. ಅವರ ಮಾತು ಬಹುಮಟ್ಟಿಗೆ ಫುಟ್‌ಬಾಲಿನ ಸುತ್ತಲೇ ಇರುತ್ತದೆ. ಪ್ರಶ್ನೆಗೆ ಅವಕಾಶ ಕೊಟ್ಟಾಗ ಸಂಕೋಚವಿಲ್ಲದೆ ಕೇಳಿ. ಮಕ್ಕಳಿಗಂತೂ ಹೊರಡುವ ಮುನ್ನವೇ ಈ ಕಥೆಯನ್ನು ಹೇಳಿರಬೇಕು, ಆಗ ಆ ಹುಲ್ಲುಹಾಸು ಅವರಿಗೆ ಬೇರೆಯದೇ ಆಗಿ ಕಾಣುತ್ತದೆ. ಅದೇ ಒಲಿಂಪಿಕ್ ಕೂಟದಲ್ಲಿ ಭಾರತದ ಫುಟ್‌ಬಾಲ್ ತಂಡ ಲಂಡನ್ನಿನ ಪೂರ್ವ ಭಾಗದ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿ 2-1ರಿಂದ ಸೋತಿತು; ಬಹುತೇಕ ಬರಿಗಾಲಿನಲ್ಲೇ ಆಡಿದ ಆ ತಂಡದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದು ವೆಂಬ್ಲಿಯಲ್ಲಿ ಆದದ್ದಲ್ಲವಾದರೂ ಕನ್ನಡ ನಾಡಿನವರು ತಿಳಿದಿರಬೇಕಾದದ್ದು.

ಇನ್ನು ಪಂದ್ಯವನ್ನೇ ನೋಡಬೇಕೆಂಬ ಹಂಬಲ ಇರುವವರ ವಿಷಯ. ಎಫ್‌ಎ ಕಪ್ ಫೈನಲ್ ಟಿಕೆಟುಗಳು ಬಹುಪಾಲು ಆಡುವ ಕ್ಲಬ್ಬುಗಳ ಅಭಿಮಾನಿಗಳಿಗೆ ಹೋಗುತ್ತವೆ. ಇಂಗ್ಲೆಂಡ್ ಪುರುಷರ ತಂಡದ ದೊಡ್ಡ ಪಂದ್ಯಗಳಲ್ಲೂ ಬೆಂಬಲಿಗರ ಸಂಘದ ಸದಸ್ಯರಿಗೆ ಮೊದಲ ಆದ್ಯತೆ. ಪ್ರವಾಸಿಗಳಿಗೆ ಸುಲಭವಾಗಿ ದಕ್ಕುವ ಪಂದ್ಯಗಳು ಬೇರೆ ಇವೆ. ಇಂಗ್ಲೆಂಡ್ ಮಹಿಳಾ ತಂಡದ ಪಂದ್ಯಗಳು ಮತ್ತು ಮೇ ತಿಂಗಳ ಮಹಿಳಾ ಎಫ್‌ಎ ಕಪ್ ಫೈನಲ್ ಕುಟುಂಬದೊಂದಿಗೆ ಹೋಗಲು ಅತ್ಯಂತ ಯೋಗ್ಯ. 2022ರ ಜುಲೈ 31ರಂದು ಮಹಿಳೆಯರ ಯುರೋಪಿಯನ್ ಫೈನಲ್‌ನಲ್ಲಿ ಇಂಗ್ಲೆಂಡ್ ಜರ್ಮನಿಯನ್ನು ಸೋಲಿಸಿದಾಗ ಇಲ್ಲಿ ಸೇರಿದ್ದವರು 87,192 ಜನ ಎಂದರೆ ಆ ಆಟಕ್ಕೆ ಅಲ್ಲಿ ದೊರೆತಿರುವ ಮನ್ನಣೆ ಅರ್ಥವಾದೀತು. ನನ್ನ ಮೆಚ್ಚಿನದು ಮಾತ್ರ ಎಫ್‌ಎ ಟ್ರೋಫಿ ಮತ್ತು ಎಫ್‌ಎ ವೇಸ್ ಎಂಬ ಎರಡು ಸ್ಪರ್ಧೆಗಳ ಫೈನಲ್‌ಗಳನ್ನು ಒಂದೇ ದಿನ ಒಂದೇ ಟಿಕೆಟಿಗೆ ತೋರಿಸುವ ದಿನ. 2016ರಿಂದ ಈ ಪದ್ಧತಿ ಇದೆ. ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸ ಮಾಡುವ ಸಣ್ಣ ಊರುಗಳ ಆಟಗಾರರು ರಾಷ್ಟ್ರೀಯ ಕ್ರೀಡಾಂಗಣದ ಹುಲ್ಲಿನ ಮೇಲೆ ಆಡುವುದನ್ನು, ಅವರನ್ನು ನೋಡಲು ಊರಿಗೆ ಊರೇ ಬಂದು ಕೂರುವುದನ್ನು ಅಲ್ಲಿ ಕಾಣಬಹುದು. ನಮ್ಮ ತಾಲ್ಲೂಕು ಮಟ್ಟದ ತಂಡವೊಂದು ಕಂಠೀರವ ಕ್ರೀಡಾಂಗಣದಲ್ಲಿ ಫೈನಲ್ ಆಡಿದರೆ ಊರಿನವರು ಬಸ್ಸು ಮಾಡಿಕೊಂಡು ಬರುವ ಹಾಗೆ.

ಟಿಕೆಟನ್ನು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ, ಅಥವಾ ಆಡುವ ಕ್ಲಬ್ಬಿನ, ಅಧಿಕೃತ ಮಾರ್ಗದಿಂದ ಮಾತ್ರ ಕೊಳ್ಳಬೇಕು. ಅಲ್ಲಿ ಫುಟ್‌ಬಾಲ್ ಟಿಕೆಟನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು 1994ರ ಕಾನೂನಿನ ಪ್ರಕಾರ ಅಪರಾಧ, ಮತ್ತು ಅಂಥ ಟಿಕೆಟ್ ಹಿಡಿದು ಬಂದವರನ್ನು ಗೇಟಿನಲ್ಲೇ ತಡೆಯಬಹುದು. ಟಿಕೆಟಿನ ಮೇಲೆ ಪ್ರವೇಶದ್ವಾರ, ಬ್ಲಾಕ್, ಸಾಲು, ಆಸನ ಹೀಗೆ ಎಲ್ಲವೂ ನಮೂದಾಗಿರುತ್ತದೆ. ಬ್ಲಾಕಿನ ಸಂಖ್ಯೆ ಒಂದರಿಂದ ಶುರುವಾದರೆ ಕೆಳಗಿನ ಅಂತಸ್ತು, ಎರಡರಿಂದಾದರೆ ದುಬಾರಿಯಾದ ನಡುವಿನ ಅಂತಸ್ತು, ಐದರಿಂದಾದರೆ ಎಲ್ಲಕ್ಕಿಂತ ಮೇಲಿನದು. ಮೇಲಿನ ಅಂತಸ್ತು ಕಡಿದಾಗಿದೆ, ಎತ್ತರವೆಂದರೆ ತಲೆ ಸುತ್ತುವವರಿಗೆ ಸಲ್ಲದು. ಆದರೆ ಆಟದ ವಿನ್ಯಾಸವನ್ನು ಇಡಿಯಾಗಿ ನೋಡಬಯಸುವವರಿಗೆ ಅಲ್ಲಿನ ಮುಂದಿನ ಸಾಲುಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕ್ಲಬ್ ಪಂದ್ಯಗಳಲ್ಲಿ ಕ್ರೀಡಾಂಗಣದ ಒಂದೊಂದು ತುದಿ ಒಂದೊಂದು ತಂಡದ ಬೆಂಬಲಿಗರಿಗೆ ಮೀಸಲಾಗಿರುತ್ತದೆ. ಎದುರಾಳಿ ತಂಡದ ಬಣ್ಣದ ಅಂಗಿಯನ್ನು ತಿಳಿಯದೆ ತೊಟ್ಟು ಕೂತರೆ ಹೊರಗೆ ಕಳುಹಿಸುವ ಸಾಧ್ಯತೆ ಇರುವುದರಿಂದ, ಯಾವ ತಂಡದ್ದೂ ಅಲ್ಲದ ಬಣ್ಣದ ಬಟ್ಟೆ ಕ್ಷೇಮ.

ಪಂದ್ಯದ ದಿನ ಎ4 ಹಾಳೆಗಿಂತ ದೊಡ್ಡ ಚೀಲವನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಬೆನ್ನುಚೀಲ, ಸೂಟ್‌ಕೇಸ್, ದೊಡ್ಡ ಕ್ಯಾಮೆರಾ ಇವನ್ನು ಹೋಟೆಲಿನಲ್ಲೇ ಬಿಟ್ಟು ಬನ್ನಿ. ಟಿಕೆಟ್ ಮೊಬೈಲ್ ಫೋನಿನಲ್ಲೇ ಬರುವುದು ವಾಡಿಕೆಯಾಗಿರುವುದರಿಂದ ಅದನ್ನು ಹೊರಡುವ ಮೊದಲೇ ಫೋನಿಗೆ ಇಳಿಸಿಕೊಂಡು, ಬ್ಯಾಟರಿ ಪೂರ್ತಿ ತುಂಬಿಸಿಕೊಂಡಿರಬೇಕು. ಹತ್ತಾರು ಸಾವಿರ ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ನಂಬಲಾಗದು. ಒಳಗಿನ ಅಂಗಡಿಗಳಲ್ಲಿ ಕಾರ್ಡಿನಿಂದ ಹಣ ಕೊಡಬೇಕು. ಫುಟ್‌ಬಾಲ್ ಪಂದ್ಯದ ವೇಳೆ ಮೈದಾನ ಕಾಣುವ ಜಾಗದಲ್ಲಿ ಮದ್ಯ ಹಿಡಿದು ಕೂರುವುದನ್ನು 1985ರ ಕಾನೂನು ನಿಷೇಧಿಸುತ್ತದೆ, ಮೈದಾನದೊಳಕ್ಕೆ ಇಳಿಯುವುದೂ ವರ್ಣದ್ವೇಷದ ಘೋಷಣೆ ಕೂಗುವುದೂ 1991ರ ಕಾನೂನಿನಡಿ ಅಪರಾಧಗಳು. 2021ರ ಜುಲೈ 11ರ ಯುರೋಪಿಯನ್ ಫೈನಲ್‌ನಂದು ಟಿಕೆಟ್ ಇಲ್ಲದ ಜನ ಗುಂಪುಗುಂಪಾಗಿ ಒಳನುಗ್ಗಿ ದೊಡ್ಡ ಅನಾಹುತವೇ ಆಗುವುದರಲ್ಲಿತ್ತು. ಬರಿಯ ವಾತಾವರಣ ನೋಡೋಣವೆಂದು ಟಿಕೆಟ್ ಇಲ್ಲದೆ, ಅದರಲ್ಲೂ ಮಕ್ಕಳೊಂದಿಗೆ, ದೊಡ್ಡ ಪಂದ್ಯದ ದಿನ ಒಲಿಂಪಿಕ್ ವೇ ಕಡೆಗೆ ಹೋಗಲೇಬಾರದೆಂದು ನಾನು ಕಳಕಳಿಯಿಂದ ಹೇಳುತ್ತೇನೆ.

ಊಟದ ಚಿಂತೆ ಇಲ್ಲಿ ನಮ್ಮವರಿಗೆ ಅಷ್ಟಾಗಿ ಕಾಡದು. ಸಸ್ಯಾಹಾರಿಗಳು ಕ್ರೀಡಾಂಗಣದೊಳಗಿನ ತಿಂಡಿಯನ್ನೇ ನೆಚ್ಚಿಕೊಳ್ಳದೆ ಈಲಿಂಗ್ ರೋಡಿಗೆ ಹೋಗಬೇಕು. ವೆಂಬ್ಲಿ ಸೆಂಟ್ರಲ್ ನಿಲ್ದಾಣದ ಬಳಿಯಿಂದ ಆಲ್ಪರ್ಟನ್ ಕಡೆಗೆ ಸಾಗುವ ಆ ಬೀದಿಯಲ್ಲಿ ಗುಜರಾತಿಗಳ ಮತ್ತು ತಮಿಳರ ಅಂಗಡಿಗಳೂ ಹೋಟೆಲುಗಳೂ ತುಂಬಿವೆ, ದೋಸೆಗೂ ತರಕಾರಿಗೂ ಕೊರತೆಯಿಲ್ಲ, ಸುಣ್ಣಕಲ್ಲಿನಲ್ಲಿ ಕೆತ್ತಿದ ಸನಾತನ ಹಿಂದೂ ಮಂದಿರವೂ ಅಲ್ಲಿಯೇ ಇದೆ. ಬಟ್ಟೆಯ ವಿಷಯದಲ್ಲಿ ಒಂದೇ ಮಾತು: ಚಾವಣಿ ಮಳೆಯನ್ನು ತಡೆಯುತ್ತದೆ, ಚಳಿಯನ್ನಲ್ಲ, ಮೇ ತಿಂಗಳ ಸಂಜೆಯಲ್ಲೂ ಸ್ವೆಟರ್ ಬೇಕಾಗುತ್ತದೆ.

ಪಂದ್ಯ ಮುಗಿದ ಮೇಲೆ ಹಿಂದಿರುಗುವುದಕ್ಕೆ ಮಾತ್ರ ವೆಂಬ್ಲಿ ಪಾರ್ಕ್ ಒಳ್ಳೆಯ ಆಯ್ಕೆಯಲ್ಲ. ಇಡೀ ಒಲಿಂಪಿಕ್ ವೇ ಜನರಿಂದ ತುಂಬಿ, ಪೊಲೀಸರು ಗುಂಪನ್ನು ತಡೆತಡೆದು ನಿಲ್ದಾಣದೊಳಕ್ಕೆ ಬಿಡುತ್ತಾರೆ. ಆತುರವಿಲ್ಲದವರು ಅರ್ಧ ಗಂಟೆ ಕ್ರೀಡಾಂಗಣದ ಸುತ್ತಲೇ ಕಳೆದು ಹೊರಡಬಹುದು. ಇಲ್ಲವಾದರೆ ಬಿಳಿ ಕುದುರೆಯ ಸೇತುವೆಯ ಬಳಿಯ ವೆಂಬ್ಲಿ ಸ್ಟೇಡಿಯಂ ನಿಲ್ದಾಣದಿಂದ ಮೆರಿಲ್‌ಬೋನ್‌ಗೆ ಹೋಗುವ ರೈಲನ್ನು ಹಿಡಿಯಬಹುದು, ಅಥವಾ ಇನ್ನೂ ಸ್ವಲ್ಪ ನಡೆದು ವೆಂಬ್ಲಿ ಸೆಂಟ್ರಲ್ ತಲುಪಿದರೆ ಬೇಕರ್‌ಲೂ ಮಾರ್ಗದ ರೈಲು ಸಿಗುತ್ತದೆ. ಎರಡಕ್ಕೂ ಅದೇ ಕಾರ್ಡ್ ಸಾಕು. ಪಂದ್ಯವಿಲ್ಲದ ದಿನ ಬೆಳಗಿನ ಪ್ರವಾಸ ಮುಗಿಸಿದವರಿಗೆ ಇದ್ಯಾವುದರ ತೊಡಕೂ ಇಲ್ಲ. ಅವರು ವೆಂಬ್ಲಿ ಪಾರ್ಕಿನಿಂದ ಜುಬಿಲಿ ಮಾರ್ಗದ ರೈಲನ್ನೇ ಹತ್ತಿ ಸೇಂಟ್ ಜಾನ್ಸ್ ವುಡ್‌ನಲ್ಲಿ ಇಳಿದರೆ ಲಾರ್ಡ್ಸ್ ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿದೆ. ಅಲ್ಲಿನ ಪ್ರವಾಸಕ್ಕೂ ಮುಂಚಿತವಾಗಿ ಸಮಯ ಕಾಯ್ದಿರಿಸಬೇಕಾದ್ದರಿಂದ, ಎರಡನ್ನೂ ಒಂದೇ ದಿನ ನೋಡುವವರು ಮಧ್ಯಾಹ್ನದ ಊಟ ಮತ್ತು ಪಯಣಕ್ಕೆಂದು ನಡುವೆ ಎರಡು ಗಂಟೆಯಾದರೂ ಬಿಡುವು ಇಟ್ಟುಕೊಂಡು ಟಿಕೆಟ್ ಮಾಡಿಸಿಕೊಳ್ಳಬೇಕು.